ಎಸೆಯುವ ಮುಂಚೆ ನೋಡಿ: ಪೋರ್ಚುಗಲ್ಲಿನ ಕಡಲ ಸಂಶೋಧನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪೋರ್ಚುಗಲ್ ಎಂದರೆ ನಮ್ಮ ಕರಾವಳಿಯವರಿಗೆ ವಾಸ್ಕೋ ಡ ಗಾಮ, ಗೋವಾ, ಕಾರವಾರದ ಎದುರಿನ ಅಂಜುದೀವ್ ನೆನಪಾಗುತ್ತವೆ. ಇವತ್ತು ಆ ಮಾತು ಬೇಡ. ಆ ದೇಶದ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಕಡಲ ಜೀವಿಗಳ ಬಗ್ಗೆ ನಡೆಸುವ ಸಂಶೋಧನೆಯನ್ನು ನೋಡೋಣ. ಅಲ್ಲಿನ ಜನಸಂಖ್ಯೆ ಒಂದು ಕೋಟಿಗೆ ಸ್ವಲ್ಪ ಮೇಲೆ, ನಮ್ಮ ಬೆಂಗಳೂರಿಗಿಂತ ಕಡಿಮೆ. ಹಾಗಿದ್ದೂ ದಕ್ಷಿಣದ ಫಾರೋದಲ್ಲಿ ಕಡಲಕುದುರೆ, ಲಿಸ್ಬನ್ನಿನಲ್ಲಿ ಬೂತಾಯಿಯ ಬಳಗದ ಮೀನು, ನಡುಗಡಲಿನ ಅಸೋರ್ಸ್ ದ್ವೀಪಗಳಲ್ಲಿ ತಳದ ಬಿಸಿ ಬುಗ್ಗೆಗಳು, ಹೀಗೆ ಊರಿಗೊಂದು ಬಗೆಯ ಅಧ್ಯಯನ. ಇಷ್ಟು ಸಣ್ಣ ದೇಶಕ್ಕೆ ಇದೆಲ್ಲ ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ನನ್ನ ಉತ್ತರ ಒಂದೇ. ಮೀನುಗಾರನ ಬಲೆಗೆ, ಗಾಳಕ್ಕೆ ಬಂದದ್ದನ್ನು ಎಸೆಯುವ ಮುಂಚೆ ಅಲ್ಲಿ ಯಾರೋ ಒಬ್ಬರು ನೋಡಿದರು. ಈ ಮಾತನ್ನು ಇನ್ನು ಹದಿನೈದು ನಿಮಿಷದಲ್ಲಿ ನಾಲ್ಕೈದು ಸಲ ಹೇಳುವವನಿದ್ದೇನೆ, ಬೇಸರ ಮಾಡಬೇಡಿ.

ಲಿಸ್ಬನ್ನಿನ ದಕ್ಷಿಣಕ್ಕೆ ಸೆತೂಬಲ್ ಎಂಬ ಬಂದರಿದೆ. ಅದರ ಪಕ್ಕದಲ್ಲೇ ಸೆಸಿಂಬ್ರ. ನಮ್ಮ ಮಂಗಳೂರಿನಲ್ಲಿ ನಿಜವಾದ ಆಳ ಸಿಗಬೇಕಾದರೆ ಹತ್ತಾರು ಕಿಲೋಮೀಟರ್ ದೋಣಿ ಓಡಿಸಬೇಕು, ತಳ ಅಷ್ಟು ನಿಧಾನವಾಗಿ ಇಳಿಯುತ್ತದೆ. ಅಲ್ಲಿ ಹಾಗಲ್ಲ. ಕಡಲಿನಡಿಯ ಕಂದಕ ದಡದ ಹತ್ತಿರಕ್ಕೇ ಬಂದು ನಿಂತಿದೆ. ಹಾಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಬಡ ಮೀನುಗಾರರು ತೆರೆದ ಹಾಯಿದೋಣಿಯಲ್ಲೇ ಹೋಗಿ 500 ಮಾರು ಆಳಕ್ಕೆ ಕೊಕ್ಕೆಗಳ ಹಗ್ಗ ಇಳಿಸಿ ಶಾರ್ಕ್ ಹಿಡಿಯುತ್ತಿದ್ದರು. ಒಂದು ಮಾರು ಅಂದರೆ ಆರಡಿ. 500 ಮಾರು ಎಂದರೆ ಹೆಚ್ಚುಕಡಿಮೆ 900 ಮೀಟರ್. ಅವರು ಅಷ್ಟೆಲ್ಲ ಕಷ್ಟಪಡುತ್ತಿದ್ದದ್ದು ಆ ಶಾರ್ಕಿನ ಪಿತ್ತಜನಕಾಂಗದ ಎಣ್ಣೆಗಾಗಿ.

ಇದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ದೊಡ್ಡ ವಿಜ್ಞಾನಿ 1843ರಲ್ಲಿ ಒಂದು ಸಿದ್ಧಾಂತ ಮಂಡಿಸಿದ್ದ. ಕೆಳಗೆ ಹೋದಂತೆ ಜೀವಿಗಳು ಕಡಿಮೆಯಾಗುತ್ತವೆ, 300 ಮಾರು ದಾಟಿದರೆ ಏನೂ ಇಲ್ಲ ಎಂದು. ಅವನು ಏಜಿಯನ್ ಸಮುದ್ರದಲ್ಲಿ ತಳ ಕೆರೆದು ಕಂಡದ್ದೂ ಹಾಗೆಯೇ. ಏಜಿಯನ್ನಿನ ತಳ ಬಡವಾದದ್ದು, ಅದನ್ನು ಇಡೀ ಜಗತ್ತಿಗೆ ಹಚ್ಚಿದ್ದು ತಪ್ಪಾಯಿತು. ಜೀವವೇ ಇಲ್ಲವೆಂದು ಪಂಡಿತರು ಬರೆಯುತ್ತಿದ್ದ ಆಳದಿಂದ ಸೆತೂಬಲ್ಲಿನವರು ಮೂರು ನಾಲ್ಕು ಅಡಿಯ ಶಾರ್ಕುಗಳನ್ನು ಎಳೆದು ದೋಣಿಗೆ ಹಾಕುತ್ತಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ.

ಕೇಳಿದವನು ಬಾರ್ಬೋಜ಼ ದು ಬೊಕಾಜ್. ಲಿಸ್ಬನ್ನಿನ ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಶಾಸ್ತ್ರಜ್ಞ. ತನ್ನ ಜೊತೆಗಾರ ಬ್ರಿತು ಕಪೇಲು ಜೊತೆ ಸೇರಿ 1864ರಲ್ಲಿ ಆ ಶಾರ್ಕುಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟ. ಅದರಲ್ಲೊಂದು ಇವತ್ತಿಗೂ ಪೋರ್ಚುಗೀಸ್ ಡಾಗ್‌ಫಿಶ್ ಎಂದೇ ಪ್ರಸಿದ್ಧ. ಜಗತ್ತಿನಲ್ಲಿ ಅತಿ ಆಳದಲ್ಲಿ ಬದುಕುವ ಶಾರ್ಕುಗಳಲ್ಲಿ ಅದೂ ಒಂದು, 3,000 ಮೀಟರಿಗಿಂತ ಕೆಳಗೂ ಸಿಕ್ಕಿದೆ. ಅಷ್ಟು ಒತ್ತಡದಿಂದ ಮೇಲೆ ಬಂದರೂ ಅದರ ಹೊಟ್ಟೆ ಒಡೆಯುವುದಿಲ್ಲ. ಶಾರ್ಕುಗಳಿಗೆ ಗಾಳಿಚೀಲವೇ ಇಲ್ಲ, ತೇಲುವುದಕ್ಕೆ ಆ ಎಣ್ಣೆಯೇ ಆಸರೆ.

ಅದೇ ಗಾಳದ ಹಗ್ಗಕ್ಕೆ ಸುತ್ತಿಕೊಂಡು ಇನ್ನೊಂದು ವಸ್ತು ಬರುತ್ತಿತ್ತು, ಮಾರುಕಟ್ಟೆಯಲ್ಲಿ ಕಾಸಿನ ಬೆಲೆಯಿಲ್ಲದ್ದು. ಗಾಜಿನ ಎಳೆಗಳನ್ನು ಹುರಿ ಮಾಡಿದಂತೆ ಒಂದು ಅಡಿಗೂ ಉದ್ದದ ಹಗ್ಗ, ತುದಿಯಲ್ಲಿ ಮೆತ್ತನೆಯ ಸ್ಪಂಜು. ನಿಜಕ್ಕೂ ಅದು ಗಾಜೇ, ಸಿಲಿಕಾ. ಕೆಸರಿನಲ್ಲಿ ಬೇರೂರಿ ನಿಲ್ಲಲು ಸ್ಪಂಜು ತಾನೇ ಬೆಳೆಸಿಕೊಂಡದ್ದು. ಇಂಥದ್ದು ಅಲ್ಲಿಯವರೆಗೆ ಯುರೋಪಿಗೆ ಬಂದದ್ದು ಜಪಾನಿನಿಂದ ಮಾತ್ರ. 1835ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಅದಕ್ಕೆ ಹಯಲೋನೀಮ ಎಂದು ಹೆಸರಿಟ್ಟಿದ್ದ, ಆದರೆ ಅದನ್ನು ಹವಳದ ಜಾತಿ ಎಂದು ನಂಬಿದ್ದ. ಜರ್ಮನಿಯ ಎರೆನ್‌ಬರ್ಗ್ ಅಂತೂ ಇದು ಪ್ರಾಣಿಯೇ ಅಲ್ಲ, ಜಪಾನೀಯರ ಕೈಕೆಲಸ ಎಂದುಬಿಟ್ಟಿದ್ದ. ಇಂಥ ಗೊಂದಲದ ನಡುವೆ 1864ರಲ್ಲಿ ಬೊಕಾಜ್ ಎದ್ದು, ಇದು ನಮ್ಮ ಸೆತೂಬಲ್ಲಿನಲ್ಲೂ ಇದೆ ಎಂದ. ಜಪಾನಿನ ವಸ್ತು ಪೋರ್ಚುಗಲ್ಲಿನಲ್ಲೇ? ಅದೂ ಜೀವವೇ ಇಲ್ಲದ ಆಳದಲ್ಲಿ? ಹಲವರು ನಂಬಲಿಲ್ಲ.

ಕೊನೆಗೆ 1868ರಲ್ಲಿ ಡಬ್ಲಿನ್ನಿನ ಪರ್ಸಿವಲ್ ರೈಟ್ ಎಂಬ ಪ್ರಾಧ್ಯಾಪಕ ತಾನೇ ಸೆತೂಬಲ್ಲಿಗೆ ಬಂದ. ಹಡಗು ಇರಲಿಲ್ಲ, ಯಂತ್ರ ಇರಲಿಲ್ಲ. ಶಾರ್ಕ್ ಹಿಡಿಯುವವರ ತೆರೆದ ದೋಣಿಯನ್ನೇ ಗೊತ್ತುಮಾಡಿ, ತಳ ಕೆರೆಯುವ ಕಬ್ಬಿಣದ ಚೌಕಟ್ಟಿನ ಚೀಲವನ್ನು 480 ಮಾರು ಆಳಕ್ಕೆ ಬಿಟ್ಟ. ನೆನೆದ ಹಗ್ಗದ ಭಾರವೇ ಸಾಕು ಸೊಂಟ ಮುರಿಯಲು, ಅದರ ತುದಿಗೆ ಕೆಸರು ತುಂಬಿದ ಚೀಲ. ಕೈಯಿಂದಲೇ ಎಳೆದರು. ಕೆಸರಿನೊಳಗೆ ಗಾಜುಹಗ್ಗದ ಸ್ಪಂಜು ಇತ್ತು. ವಾದ ಅಲ್ಲಿಗೆ ಮುಗಿಯಿತು. ಬ್ರಿಟನ್ನಿನ ಚಾಲೆಂಜರ್ ಹಡಗು ಲೋಕದ ಕಡಲನ್ನೆಲ್ಲ ಅಳೆಯಲು ಹೊರಟದ್ದು ಇದಾದ ನಾಲ್ಕು ವರ್ಷಕ್ಕೆ. ಶಾಲೆಯಲ್ಲಿ ಚಾಲೆಂಜರ್ ಬಗ್ಗೆ ಮಾತ್ರ ಓದಿಸುತ್ತಾರೆ, ಸೆತೂಬಲ್ಲಿನ ದೋಣಿಯವರ ಹೆಸರು ಯಾವ ಪಾಠದಲ್ಲೂ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ಕಥೆ ಉದ್ದವಾಯಿತು, ಗಡಿಯಾರ ನೋಡಿದೆ. ಆದರೂ ರಾಜನನ್ನು ಬಿಡುವಂತಿಲ್ಲ. ಪೋರ್ಚುಗಲ್ಲಿನ ರಾಜ ಒಂದನೇ ಕಾರ್ಲೋಸ್ 1896ರಿಂದ ತನ್ನ ಅಮೇಲಿಯಾ ಎಂಬ ಹಡಗಿನಲ್ಲಿ ಕಡಲ ಅಧ್ಯಯನಕ್ಕೆ ಹೊರಟ. ಹವ್ಯಾಸ ಎಂದು ತಳ್ಳಿಹಾಕಬೇಡಿ. ದಕ್ಷಿಣ ತೀರದ ಆಲ್ಗಾರ್ವ್ ಪ್ರಾಂತ್ಯದ 1898ರ ಟ್ಯೂನಾ ಮೀನುಗಾರಿಕೆಯ ಬಗ್ಗೆ ವರದಿ ಬರೆದ, 1904ರಲ್ಲಿ ಶಾರ್ಕುಗಳ ಪುಸ್ತಕ ಪ್ರಕಟಿಸಿದ. ಅದರಲ್ಲಿ ಉದ್ದ ಮೂಗಿನ ಒಂದು ವಿಚಿತ್ರ ಶಾರ್ಕನ್ನು ಹೊಸ ಜಾತಿ ಎಂದು ಹೆಸರಿಸಿದ. ಅದು ಗಾಬ್ಲಿನ್ ಶಾರ್ಕ್. 1898ರಲ್ಲೇ ಅದಕ್ಕೆ ಹೆಸರಾಗಿತ್ತು, ಮತ್ತೆ ಜಪಾನಿನಿಂದಲೇ! ರಾಜ ಇಟ್ಟ ಹೆಸರು ಬಿದ್ದುಹೋಯಿತು. ಆದರೆ ಆ ಪ್ರಾಣಿ ಅಟ್ಲಾಂಟಿಕ್ಕಿನಲ್ಲೂ ಇದೆ ಎಂಬುದು ದಾಖಲಾಯಿತು. 1908ರ ಫೆಬ್ರವರಿ 1ರಂದು ಲಿಸ್ಬನ್ನಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಅವನ ಸಂಗ್ರಹ ಇವತ್ತಿಗೂ ಲಿಸ್ಬನ್ ಪಕ್ಕದ ವಾಸ್ಕೋ ಡ ಗಾಮ ಅಕ್ವೇರಿಯಮ್ಮಿನಲ್ಲಿ ಇದೆ.

ಈಗ ಇಂದಿನ ಕೆಲಸಕ್ಕೆ ಬರೋಣ. ಸೆಸಿಂಬ್ರದವರು 1983ರಿಂದ ಆಳದಲ್ಲಿ ಹಿಡಿಯುವುದು ಕಪ್ಪು ಕತ್ತಿಮೀನು, ನಮ್ಮ ಪಾಂಬೋಲಿನ ಹಾಗೆ ಉದ್ದ, ಬಣ್ಣ ಮಾತ್ರ ಇದ್ದಿಲು. ಪೋರ್ಚುಗಲ್ಲಿನಲ್ಲಿ ಮೀನಿನ ಮೊದಲ ಮಾರಾಟ ಲೋಟಾ ಎಂಬ ಹರಾಜುಕಟ್ಟೆಯಲ್ಲೇ ಆಗಬೇಕು. ಸಂಶೋಧಕರು ಅಲ್ಲಿಗೇ ಹೋಗಿ ಮೀನು ಅಳೆಯುತ್ತಾರೆ, ಕೊಂಡು ತಂದು ಅಂಡಾಶಯ ಬಿಚ್ಚಿ ನೋಡುತ್ತಾರೆ. ಸೆಸಿಂಬ್ರದ ಮೀನುಗಳ ಅಂಡಾಶಯ ಬಲಿತದ್ದೇ ಇಲ್ಲ. ಬಲಿತವು ಸಿಕ್ಕಿದ್ದು ದೂರದ ಮದೈರಾ ದ್ವೀಪದಲ್ಲಿ, ವರ್ಷದ ಕೊನೆಯ ತಿಂಗಳುಗಳಲ್ಲಿ. ಅಂದರೆ ಇಲ್ಲಿ ಬೆಳೆದು ಅಲ್ಲಿಗೆ ಹೋಗಿ ಮೊಟ್ಟೆ ಇಡುವ ಮೀನು. ಒಂದು ಕಡೆ ಬಳಿದರೆ ಇನ್ನೊಂದು ಕಡೆ ಖಾಲಿ. ಇದು ತಿಳಿದದ್ದು ಮಾರುಕಟ್ಟೆಯಲ್ಲಿ ಹೊಟ್ಟೆ ಸೀಳಿ ನೋಡಿದ್ದರಿಂದ, ಉಪಗ್ರಹದಿಂದಲ್ಲ.

ಇನ್ನು ಸಾರ್ಡೀನ್. ನಮ್ಮ ಬೂತಾಯಿಯ ನೆಂಟ. ಕಡಲಲ್ಲಿ ಎಷ್ಟು ಟನ್ ಇದೆ ಎಂದು ಹಿಡಿಯದೆ ತಿಳಿಯುವುದು ಹೇಗೆ? ಮೊಟ್ಟೆ ಎಣಿಸಿ. ಪೋರ್ಚುಗಲ್ 1988ರಲ್ಲಿ ಈ ವಿಧಾನ ಶುರುಮಾಡಿತು, ಈಗ ಸ್ಪೇನಿನ ಜೊತೆ ಸೇರಿ ಮೂರು ವರ್ಷಕ್ಕೊಮ್ಮೆ ಮಾಡುತ್ತದೆ. ಹಡಗು ದಡಕ್ಕೆ ಅಡ್ಡವಾಗಿ ಎಂಟೆಂಟು ನಾಟಿಕಲ್ ಮೈಲಿಗೆ ಒಂದು ಗೆರೆ ಹಿಡಿದು ಓಡುತ್ತದೆ. ಅಲ್ಲಲ್ಲಿ ನಿಂತು 150 ಮೈಕ್ರಾನ್ ಕಣ್ಣಿನ ಸಣ್ಣ ಬಲೆಯನ್ನು 150 ಮೀಟರ್ ಆಳದವರೆಗೆ ನೇರವಾಗಿ ಇಳಿಸಿ ಎತ್ತುತ್ತಾರೆ. ನೇರವಾಗಿ ಎಂಬುದು ಮುಖ್ಯ. ಗಾಳಿಗೆ ಹಡಗು ಸರಿದು ತಂತಿ ಓರೆಯಾದರೆ ಬಲೆ ಎಷ್ಟು ನೀರು ಸೋಸಿತು ಎಂಬ ಲೆಕ್ಕವೇ ತಪ್ಪು. ಪಾಚಿ ಕಟ್ಟಿಕೊಂಡರೂ ಅಷ್ಟೇ.

ಸಾರ್ಡೀನ್ ಮೊಟ್ಟೆ ಉರುಟು, ಅಗಲ ಒಂದೂವರೆ ಮಿಲಿಮೀಟರಿನ ಆಸುಪಾಸು, ಒಳಗೆ ಒಂದೇ ಎಣ್ಣೆಹನಿ, ಭ್ರೂಣದ ಸುತ್ತ ಅಗಲವಾದ ಖಾಲಿ ಜಾಗ. ಆಂಚೊವಿ ಎಂಬ ಇನ್ನೊಂದು ಸಣ್ಣ ಮೀನಿನ ಮೊಟ್ಟೆ ಕೋಳಿಮೊಟ್ಟೆಯ ಆಕಾರ, ಗೊಂದಲವೇ ಇಲ್ಲ. ಭ್ರೂಣದ ಬೆಳವಣಿಗೆಯನ್ನು 11 ಹಂತವಾಗಿ ವಿಂಗಡಿಸಿ, ನೀರಿನ ಬಿಸಿ ನೋಡಿ ಪ್ರತಿ ಮೊಟ್ಟೆಗೆ ಎಷ್ಟು ಗಂಟೆ ವಯಸ್ಸು ಎಂದು ಹೇಳುತ್ತಾರೆ. 15 ಡಿಗ್ರಿಯಲ್ಲಿ ಮೂರು ದಿನಕ್ಕೆಲ್ಲ ಒಡೆಯುತ್ತದೆ.

ಲೆಕ್ಕ ಸುಲಭವಾಗಲೆಂದು ದುಂಡು ಸಂಖ್ಯೆ ಹೇಳುತ್ತೇನೆ. 50 ಗ್ರಾಮಿನ ಮೀನು ಒಂದು ಕಿಲೋಗೆ 20. ಅದರಲ್ಲಿ ಹೆಣ್ಣು 10. ಇವತ್ತು ರಾತ್ರಿ ಮೊಟ್ಟೆ ಇಡುವುದು ಹತ್ತರಲ್ಲಿ ಒಂದು. ಅದು ಇಡುವುದು 20,000 ಮೊಟ್ಟೆ. ಹಾಗಾದರೆ ಕಡಲಲ್ಲಿ ದಿನಕ್ಕೆ 20,000 ಹೊಸ ಮೊಟ್ಟೆ ಕಂಡರೆ ಒಂದು ಕಿಲೋ ಮೀನು ಇದೆ ಎಂದರ್ಥ. ಎರಡು ಲಕ್ಷ ಕೋಟಿ ಮೊಟ್ಟೆ ಇದ್ದರೆ ಒಂದು ಲಕ್ಷ ಟನ್. ಅಷ್ಟೇ!

ಎಡವುವುದು ಎಲ್ಲಿ? ‘ಹತ್ತರಲ್ಲಿ ಒಂದು’ ಎನ್ನುವ ಕಡೆ. ಅದನ್ನು ಇಪ್ಪತ್ತರಲ್ಲಿ ಒಂದು ಎಂದುಬಿಟ್ಟರೆ ಕಡಲಲ್ಲಿ ಇಲ್ಲದ ಇನ್ನೊಂದು ಲಕ್ಷ ಟನ್ ಕಾಗದದ ಮೇಲೆ ಹುಟ್ಟುತ್ತದೆ, ಅದನ್ನು ನಂಬಿ ಬಲೆ ಬಿಟ್ಟವರ ಗತಿ ನೀವೇ ಊಹಿಸಿ. ಮೊಟ್ಟೆ ಇಟ್ಟ ಹೆಣ್ಣಿನ ಅಂಡಾಶಯದಲ್ಲಿ ಖಾಲಿ ಚೀಲ ಉಳಿಯುತ್ತದೆ, ಎರಡು ಮೂರು ದಿನದಲ್ಲಿ ಕರಗಿಹೋಗುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಮೀನು ದೋಣಿಗೆ ಬಿದ್ದ ಕೂಡಲೇ ಅಂಡಾಶಯ ತೆಗೆದು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು. ಮಂಜುಗಡ್ಡೆಯಲ್ಲಿಟ್ಟು ಸಂಜೆ ನೋಡೋಣ ಎಂದರೆ ಅಷ್ಟರಲ್ಲಿ ಕೊಳೆತು ಏನೂ ತಿಳಿಯುವುದಿಲ್ಲ. ಅದಕ್ಕೇ ಹೇಳುವುದು, ನೋಡುವುದಾದರೆ ದೋಣಿಯಲ್ಲೇ ನೋಡಬೇಕು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೈಋತ್ಯ ತುದಿಯ ಸಾಗ್ರೆಸ್ ಹತ್ತಿರ ತಳಕ್ಕೆ ಬಿಡುವ ಬಲೆಗಳಲ್ಲಿ ಸಿಕ್ಕಿ ಬಂದ ಹವಳಗಳನ್ನು ಆಲ್ಗಾರ್ವ್ ವಿಶ್ವವಿದ್ಯಾಲಯದವರು ಒಂದೊಂದಾಗಿ ಬಿಡಿಸಿ ಎಣಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಜಾತಿ ಸಿಕ್ಕಿತು, ಅಲ್ಲಿ ಹವಳದ ತೋಟವೇ ಇದೆ ಎಂದು ಗೊತ್ತಾಯಿತು. ಅಸೋರ್ಸಿನಲ್ಲಿ 1998ರಿಂದ ಟ್ಯೂನಾ ದೋಣಿಗಳಲ್ಲಿ ವೀಕ್ಷಕರು ಕೂತು ಡಾಲ್ಫಿನ್, ತಿಮಿಂಗಿಲ, ಕಡಲಹಕ್ಕಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಾರೆ. ಅಲ್ಲೇ ಓರ್ತಾ ಊರಿನ ಪ್ರಯೋಗಾಲಯದಲ್ಲಿ 850 ಮೀಟರ್ ಆಳದ ಬಿಸಿ ಬುಗ್ಗೆಯ ನೀಲಿಕಲ್ಲು ಎಂಬ ಚಿಪ್ಪುಜೀವಿಗಳನ್ನು ತೊಟ್ಟಿಯಲ್ಲಿ ಬದುಕಿಸಿಟ್ಟು ನೋಡಿದ್ದಾರೆ. ಅದರ ಕಿವಿರಿನೊಳಗಿನ ಬ್ಯಾಕ್ಟೀರಿಯಾಗಳಿಗೆ ಸಲ್ಫೈಡ್, ಮೀಥೇನ್ ಉಣಿಸಬೇಕು, ನಿಲ್ಲಿಸಿದರೆ ಬ್ಯಾಕ್ಟೀರಿಯಾ ಖಾಲಿಯಾಗಿ ನೀಲಿಕಲ್ಲು ಸೊರಗುತ್ತದೆ. ಫಾರೋದ ರಿಯಾ ಫರ್ಮೋಸಾ ಹಿನ್ನೀರಿನಲ್ಲಿ ಈ ಶತಮಾನದ ಆರಂಭದಲ್ಲಿ ಕಡಲಕುದುರೆಗಳು ತುಂಬಿದ್ದವು, ಹತ್ತು ವರ್ಷದೊಳಗೆ ಒಂದು ಜಾತಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಕುಸಿಯಿತು. ಈಗ ಅಲ್ಲಿ ಮರಿ ಮಾಡಿಸುತ್ತಾರೆ, ಬಾಲ ಸುತ್ತಿ ಹಿಡಿಯಲು ಕೃತಕ ಆಸರೆ ನೆಡುತ್ತಾರೆ. ಇದಕ್ಕೇ ಒಂದು ಭಾಷಣ ಬೇಕಿತ್ತು.

ನಮ್ಮ ಮಲ್ಪೆ, ತದಡಿ, ಕಾರವಾರದವರಿಗೆ ಎರಡು ಮಾತು. ಬಲೆಯಲ್ಲಿ ಗುರುತು ಸಿಗದ ಜೀವಿ ಬಂದರೆ ಫಿಶ್‌ಮೀಲ್ ರಾಶಿಗೆ ಎಸೆಯುವ ಮುಂಚೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಸಿಹಿನೀರಿನಲ್ಲಿ ತೊಳೆಯಬೇಡಿ, ಮೆತ್ತನೆಯ ಜೀವಿಗಳು ಉಬ್ಬಿ ಹಾಳಾಗುತ್ತವೆ. ಮಂಜುಗಡ್ಡೆಯಲ್ಲಿಟ್ಟು ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ಕಾರವಾರದ ಕಡಲ ಜೀವಶಾಸ್ತ್ರ ವಿಭಾಗಕ್ಕೋ ತಲುಪಿಸಿ. ಕಾಲೇಜಿನ ಮಕ್ಕಳು ಮೀನಾದರೆ ಅಂಗಡಿಯ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಗ್ಲೌಸ್ ಹಾಕಿಕೊಂಡು, ಕಿಟಕಿ ತೆರೆದಿಟ್ಟು ಹಾಕಬೇಕು. ದೊಡ್ಡ ಮೀನಿನ ಹೊಟ್ಟೆ ಸೀಳಿ, ಇಲ್ಲದಿದ್ದರೆ ಒಳಗಿನಿಂದ ಕೊಳೆಯುತ್ತದೆ. ಸ್ಪಂಜಿಗೆ ಫಾರ್ಮಲಿನ್ ಬೇಡ, ಆಲ್ಕೋಹಾಲ್.

ಮತ್ತು ಚೀಟಿ. ಎಲ್ಲಿ, ಎಷ್ಟು ಮಾರು ಆಳ, ಯಾವ ದಿನ, ಯಾವ ಬಲೆ. ಇದಿಲ್ಲದ ಬಾಟಲಿಯಿಂದ ನಾವೇನೂ ಹೇಳಲಾರೆವು. 1978ರ ಮಾರ್ಚ್ 18ರಂದು ಲಿಸ್ಬನ್ನಿನ ಬೊಕಾಜ್ ಸಂಗ್ರಹಾಲಯ ಸುಟ್ಟು ಪ್ರಾಣಿಗಳ ಸಂಗ್ರಹ ನಾಶವಾಯಿತು. ಹಾಗಾಗಿ ಚೀಟಿಯ ವಿವರವನ್ನು ಬೇರೆ ಕಡೆ ಒಂದು ಪುಸ್ತಕದಲ್ಲೂ ಬರೆದಿಡಿ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ. ಅದನ್ನು ಬಾಟಲಿಯ ಒಳಗೇ ಹಾಕಿ, ಮುಚ್ಚಳಕ್ಕೆ ಅಂಟಿಸಬೇಡಿ. ಒಂದೇ ಮೇಜಿನ ಮೇಲೆ ಹತ್ತು ಬಾಟಲಿ ತೆರೆದಾಗ ಮುಚ್ಚಳಗಳು ಅದಲುಬದಲಾಗುತ್ತವೆ. ನಮಸ್ಕಾರ.