ದಶಪಥದ ಪಕ್ಕ ಅರವತ್ತು ರೂಪಾಯಿ ಎಳನೀರು

ಓಡ್ತಿರೋ ಗಾಡಿಯಿಂದ ತೆಗೆದ ವಿಡಿಯೋ ಇದು, ಗಾಳಿ ಸದ್ದು ಜಾಸ್ತಿ ಇದೆ, ಸ್ವಲ್ಪ ಸಹಿಸ್ಕೊಳ್ಳಿ. ಬಲಗಡೆ ಬೇಲಿ ಆಚೆ ಸುಯ್ಯಂತ ಹೋಗ್ತಿದಾವಲ್ಲ ಕಾರುಗಳು, ಅದೇ ಬೆಂಗಳೂರು-ಮೈಸೂರು ದಶಪಥ. ನಾವಿರೋದು ಸರ್ವಿಸ್ ರೋಡಲ್ಲಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು ಯಾವುದೂ ಮೇನ್ ರೋಡ್ ಹತ್ತಂಗಿಲ್ಲ. ಆಕ್ಸಿಡೆಂಟ್ ನೋಡಿದ್ರೆ ಆ ರೂಲ್ಸ್ ಸರಿನೇ. ಆದ್ರೆ ಇಲ್ಲಿ ರೈತರ ಮನೇಲಿರೋದೇ ಬೈಕು, ಟ್ರ್ಯಾಕ್ಟರು. ಜಮೀನು ಕೊಟ್ಟೋರು ಅವ್ರು, ಓಡಾಡೋರು ಬೇರೆ!

ಅದೇ ವರ್ಷ ಮಾರ್ಚ್ 12ಕ್ಕೆ ಪ್ರಧಾನಿ ಇಲ್ಲೇ ಮದ್ದೂರು ಹತ್ರದ ಗೆಜ್ಜಲಗೆರೆಗೆ ಬಂದು ಉದ್ಘಾಟನೆ ಮಾಡಿದ್ರು. ಸುಮಾರು 118 ಕಿಲೋಮೀಟರು, ಎಂಟು ಸಾವಿರ ಕೋಟಿಗೂ ಮೇಲೆ ಖರ್ಚು. ಮೂರು ಗಂಟೆ ದಾರಿ ಒಂದೂವರೆ ಗಂಟೆಗೆ ಇಳೀತು. ಉಳಿದ ಒಂದೂವರೆ ಗಂಟೇಲಿ ಜನ ಏನ್ಮಾಡ್ತಿದ್ರು ಹೇಳಿ? ಬಿಡದೀಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮಗೂಗೊಂದು ಬೊಂಬೆ, ಮದ್ದೂರಲ್ಲಿ ವಡೆ. ಈಗ ಎಲ್ಲಾ ಊರಿಗೂ ಬೈಪಾಸು.

ಈ ಶಾಟ್, ಎಳನೀರು. ಇದನ್ನ ಹೇಳ್ಲೇಬೇಕು. ಅರವತ್ತು ರೂಪಾಯಿ! ಮದ್ದೂರಲ್ಲಿ! ಲಾರಿಗಟ್ಟಲೆ ಎಳನೀರು ದಿಲ್ಲಿ, ಮುಂಬೈಗೆ ಹೋಗೋ ಮಾರ್ಕೆಟ್ಟು ಇಲ್ಲೇ ಇದೆ. "ಯಾಕಣ್ಣ ಇಷ್ಟು?" ಅಂದೆ. "ಜಾಗದ ಬಾಡಿಗೆ ಯಾರ್ ಕಟ್ತಾರೆ ಸಾ?" ಅಂದ. ಮೊದ್ಲು ಹಳೇ ರೋಡಲ್ಲಿ ಮರದ ಕೆಳಗೆ ಇಟ್ಕೊಂಡಿದ್ನಂತೆ, ಬಾಡಿಗೆನೇ ಇಲ್ಲ, ಮಧ್ಯಾಹ್ನದೊಳಗೆ ಖಾಲಿ. ಈಗ ಗಿರಾಕಿ ಕಮ್ಮಿ, ಬಿದ್ದ ಒಬ್ರ ಹತ್ರಾನೇ ಎಲ್ಲಾ ಎತ್ಬೇಕು. ತೋಟದೋರಿಗೆ ಎಷ್ಟು ಕೊಡ್ತೀಯ ಅಂತ ಕೇಳಿದ್ದಕ್ಕೆ ಮಚ್ಚು ಒರೆಸ್ಕೊಂಡು ನಕ್ಕ ಅಷ್ಟೆ. ಮೇಲಾಗಿ ಒಳಗೆ ಗಂಜಿನೂ ಇಲ್ಲ, ಅದೇ ಎಳೇ ತಿರುಳು! ಅರವತ್ತು ಕೊಟ್ಮೇಲೆ ಗಂಜಿ ಬೇಡ್ವಾ? ನಂಗೆ ಇನ್ನೂ ಹೊಟ್ಟೆ ಉರೀತಿದೆ.

ಹಾಗಂತ ರಸ್ತೆ ದಂಡ ಅಂತ ನಾನೇನೂ ಹೇಳಲ್ಲ. ಅದೇ ಮಾರ್ಕೆಟ್ಟಿಂದ ಹೊರಟ ಲಾರಿಗೆ ಲಾಭ. ರಾಮನಗರಕ್ಕೆ ರೇಷ್ಮೆಗೂಡು ತರೋರಿಗೂ ಲಾಭ, ಗೂಡು ಲೇಟಾದ್ರೆ ಚಿಟ್ಟೆ ಹೊರಗೆ ಬಂದು ನೂಲೇ ಹಾಳು. ಆಂಬ್ಯುಲೆನ್ಸ್ ಬೇಗ ಮೈಸೂರು ಸೇರುತ್ತೆ. ಹಳೇ ರೋಡಲ್ಲಿ ಸ್ಕೂಲ್ ಮಕ್ಕಳು ಆರಾಮಾಗಿ ದಾಟ್ತಿದಾರೆ, ಅದೂ ಇದೆ. ಆದ್ರೆ ದುಡ್ಡು ಬರೋದು ಗಾಡಿ ಇಳಿಯೋ ಜಾಗಕ್ಕೆ. ಎಕ್ಸಿಟ್ ಪಕ್ಕ ಜಮೀನಿದ್ದೋನು ಸಾಹುಕಾರ, ನಾಲ್ಕು ಕಿಲೋಮೀಟರ್ ಆಚೆ ಇದ್ದೋನಿಗೆ ಹಾರ್ನ್ ಸದ್ದು ಮಾತ್ರ. ಊರೂರಿಗೆ ಸರಿಯಾಗಿ ಇಳಿಯೋಕೆ ದಾರಿ, ಅಲ್ಲಲ್ಲಿ ನೆರಳಿನ ಕಟ್ಟೆ, ಊರೋರಿಗೆ ಕಮ್ಮಿ ಬಾಡಿಗೆಗೆ ಮಳಿಗೆ, ಇಷ್ಟು ಮೊದ್ಲೇ ಮಾಡಿದ್ರೆ ಏನು ಗಂಟು ಹೋಗ್ತಿತ್ತು?

ಮದ್ದೂರು ವಡೆ ರೈಲಲ್ಲೇ ರುಚಿ ಅಂತ ನಮ್ಮಜ್ಜಿ ಹೇಳ್ತಿದ್ರು, ಈರುಳ್ಳಿ ಕಮ್ಮಿ ಹಾಕೋರನ್ನ ಕಂಡ್ರೆ ಅವ್ರಿಗೆ... ಅಯ್ಯೋ, ಕ್ಲಿಪ್ ಮುಗೀತು. ಇಲ್ಲಿ ಸರ್ವಿಸ್ ರೋಡ್ ಕಟ್ ಆಗಿದೆ, ಊರೊಳಗಿಂದ ಸುತ್ಕೊಂಡು ಹೋಗ್ಬೇಕು. ಎಡಕ್ಕೆ ತಿರುಗ್ತಿದೀನಿ, ಹಿಡ್ಕೊಳ್ಳಿ.