ಬೆಳಿಗ್ಗೆ ಏಳು ಗಂಟೆಯ ರಾಮೆನ್

ಕೇಳುಗರಿಗೆ ನಮಸ್ಕಾರ.

ರಾಮೆನ್ ಅಂದರೆ ನಮ್ಮಲ್ಲಿ ಬಹಳ ಜನರಿಗೆ ಪೊಟ್ಟಣದ ನೂಡಲ್ಸ್ ನೆನಪಾಗುತ್ತದೆ. ಇನ್ನು ಕೆಲವರಿಗೆ ಬೆಂಗಳೂರಿನ ಹೋಟೆಲುಗಳಲ್ಲಿ ರಾತ್ರಿಯೂಟಕ್ಕೆ ಬರುವ ದೊಡ್ಡ ಬಟ್ಟಲು. ಅದನ್ನೇ ಬೆಳಗಿನ ತಿಂಡಿಗೆ ತಿನ್ನುವ ಊರೊಂದು ಜಪಾನಿನಲ್ಲಿದೆ. ಹೆಸರು ಕಿತಾಕತಾ. ಫುಕುಶಿಮಾ ಪ್ರಾಂತ್ಯದ ಪಶ್ಚಿಮ ಭಾಗದಲ್ಲಿ, ಐಝು ಬಯಲಿನ ಉತ್ತರದ ಅಂಚಿಗಿದೆ. ಈದೆ ಬೆಟ್ಟಗಳ ಹಿಮ ಕರಗಿ ಬರುವ ನೀರು, ಅದರಿಂದ ಸಾಕೆ ಎಂಬ ಅಕ್ಕಿಯ ಮದ್ಯ, ಸೋಯಾ ಸಾಸ್, ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆ ಮಾಡುವ ಮನೆತನಗಳು, ಅವನ್ನು ಕೂಡಿಡಲು ದಪ್ಪ ಗೋಡೆಯ ಉಗ್ರಾಣಗಳು. ಜನಸಂಖ್ಯೆ 50,000ಕ್ಕಿಂತ ಕಡಿಮೆ. ರಾಮೆನ್ ಅಂಗಡಿಗಳು ಮಾತ್ರ ನೂರರ ಆಸುಪಾಸು.

ಇಲ್ಲಿಗೆ ಈ ತಿನಿಸನ್ನು ತಂದವನು ಚೀನಾದ ಝೆಜಿಯಾಂಗ್ ಕಡೆಯ ತರುಣ. ಜಪಾನಿಗರು ಅವನನ್ನು ಬಾನ್ ಕಿನ್ಸೆಇ ಎಂದು ಕರೆಯುತ್ತಾರೆ. 1920ರ ದಶಕದಲ್ಲಿ ತಳ್ಳುಗಾಡಿಯಲ್ಲಿ ಮಾರಾಟ ಶುರುಮಾಡಿದ. ಆಮೇಲೆ ಅದು ಗೆನ್‌ರೈಕೆನ್ ಎಂಬ ಅಂಗಡಿಯಾಯಿತು. ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಖಾನೆಯವರು, ನಸುಕಿನಲ್ಲೇ ಗದ್ದೆ ಕೆಲಸ ಮಾಡಿ ಬರುವ ರೈತರು ಹಸಿದಿರುತ್ತಿದ್ದರು, ಅವರಿಗಾಗಿ ಅಂಗಡಿಗಳು ಏಳಕ್ಕೇ ತೆರೆಯತೊಡಗಿದವು ಎಂದು ಊರಿನವರು ಹೇಳುತ್ತಾರೆ. ಬೆಳಗಿಗೆ ಜಪಾನಿನಲ್ಲಿ ಅಸಾ ಅನ್ನುತ್ತಾರೆ. ಅದಕ್ಕೇ ಇದರ ಹೆಸರು ಅಸಾ-ರಾ.

ಹೋಗುವವರಿಗೆ ಮೊದಲ ಮಾತು: ಟೋಕಿಯೊದಿಂದ ಬೆಳಿಗ್ಗೆ ಹೊರಟರೆ ಅಸಾ-ರಾ ಸಿಗುವುದಿಲ್ಲ. ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿನಲ್ಲಿ ಕೊರಿಯಾಮಾ ತನಕ ಸುಮಾರು ಒಂದೂಕಾಲು ಗಂಟೆ, ಅಲ್ಲಿಂದ ಸಾಮಾನ್ಯ ರೈಲಿನಲ್ಲಿ ಐಝು-ವಾಕಾಮಾತ್ಸು, ಆಮೇಲೆ ಕಿತಾಕತಾ. ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು.

ಇಂಥ ಅಂಗಡಿಗಳು ತೀರಾ ಚಿಕ್ಕವು. ಉದ್ದನೆಯ ಕಟ್ಟೆ, ಅದರ ಮುಂದೆ ಎಂಟು ಹತ್ತು ಸ್ಟೂಲು, ಹೆಚ್ಚೆಂದರೆ ಎರಡು ಮೇಜು. ಕಟ್ಟೆಯಾಚೆ ಒಬ್ಬರೋ ಇಬ್ಬರೋ ಕೆಲಸದಲ್ಲಿರುತ್ತಾರೆ. ಜಾಗ ಕಡಿಮೆ, ಬೆಲೆಯೂ ಕಡಿಮೆ. ಬಟ್ಟಲಿಗೆ ಸಾವಿರ ಯೆನ್ ದಾಟಿದರೆ ಗಿರಾಕಿ ಮುನಿಯುತ್ತಾನೆ ಎಂಬ ಭಯ ಆ ವ್ಯಾಪಾರದಲ್ಲಿ ಎಷ್ಟಿದೆಯೆಂದರೆ, ಅದಕ್ಕೆ 'ಸಾವಿರ ಯೆನ್ ಗೋಡೆ' ಎಂಬ ಹೆಸರೇ ಬಿದ್ದಿದೆ. ಕಡಿಮೆ ಬೆಲೆಗೆ ಮಾರಿ ಅಂಗಡಿ ನಡೆಯಬೇಕಾದರೆ ಸ್ಟೂಲು ಬೇಗ ಬೇಗ ಖಾಲಿಯಾಗಬೇಕು. ಅಲ್ಲಿನ ಶಿಸ್ತೆಲ್ಲ ಈ ಲೆಕ್ಕದಿಂದ ಹುಟ್ಟಿದ್ದು.

ಬಾಗಿಲ ಬಳಿ ಟಿಕೆಟ್ ಯಂತ್ರವಿದ್ದರೆ ಮೊದಲು ಅಲ್ಲಿಗೆ ಹೋಗಬೇಕು. ನಮ್ಮ ದರ್ಶಿನಿಯ ಟೋಕನ್ ಇದ್ದಂತೆಯೇ, ಆದರೆ ಕ್ಯಾಶಿಯರ್ ಇರುವುದಿಲ್ಲ. ಮೊದಲು ಹಣ ಹಾಕಿ. ಆಮೇಲಷ್ಟೇ ಗುಂಡಿಗಳ ದೀಪ ಹತ್ತುತ್ತದೆ. ಓದಲು ಬಾರದಿದ್ದರೆ ಎಡಗಡೆ ಮೇಲ್ತುದಿಯ ಗುಂಡಿ ಒತ್ತಿ. ಸಾಮಾನ್ಯವಾಗಿ ಅಂಗಡಿಯ ಮುಖ್ಯ ತಿನಿಸು ಅಲ್ಲೇ ಇರುತ್ತದೆ. ಚಿಲ್ಲರೆ ತಾನಾಗಿ ಬರದಿದ್ದರೆ ಪಕ್ಕದ ಹಿಡಿಯನ್ನು ತಿರುಗಿಸಬೇಕು. 2024ರ ಜುಲೈಯಲ್ಲಿ ಜಪಾನ್ ಹೊಸ ನೋಟು ತಂದಾಗ ಹಳೆಯ ಯಂತ್ರಗಳೆಷ್ಟೋ ಅವನ್ನು ನುಂಗಲಿಲ್ಲ. ಜೇಬಿನಲ್ಲಿ ನೂರು, ಐನೂರು ಯೆನ್ ನಾಣ್ಯಗಳಿರಲಿ. ಯಂತ್ರವಿಲ್ಲದ ಹಳೆಯ ಅಂಗಡಿಯಲ್ಲಿ ಬಾಯಲ್ಲಿ ಹೇಳಿದರಾಯಿತು: ಚೂಕಾ ಸೋಬಾ ಅಂದರೆ ಮಾಮೂಲಿ ರಾಮೆನ್, ಚಾಶೂಮೆನ್ ಅಂದರೆ ನೂಡಲ್ಸ್ ಎಳೆ ಕಾಣದಷ್ಟು ಹಂದಿಮಾಂಸದ ಹೋಳು ಹೊದಿಸಿದ್ದು.

ಒಂದು ವಿಷಯದಲ್ಲಿ ನಮ್ಮವರು ಎಡವುತ್ತಾರೆ. ಬೈ-ಟು ಕೇಳುವಂತಿಲ್ಲ. ಒಂದು ಸ್ಟೂಲಿಗೆ ಒಂದು ಬಟ್ಟಲು. ಇಬ್ಬರು ಕೂತು ಒಂದನ್ನು ಹಂಚಿಕೊಂಡರೆ ಅಂಗಡಿಯವನಿಗೆ ಒಂದು ಜಾಗದ ದುಡಿಮೆ ಹೋಯಿತು. ಗೆಳೆಯರಿಗಾಗಿ ಜಾಗ ಹಿಡಿದಿಡುವುದೂ ಸಲ್ಲದು. ಎಲ್ಲರೂ ಬಂದ ಮೇಲೆ ಸಾಲಿನಲ್ಲಿ ನಿಲ್ಲಬೇಕು.

ಈಗ ಬಟ್ಟಲಿಗೆ ಬರೋಣ. ಕಟ್ಟೆಯ ಮುಂದೆ ಕೂತವರಿಗೆ ಇದೆಲ್ಲ ಕಣ್ಣೆದುರೇ ನಡೆಯುತ್ತದೆ. ಬಿಸಿನೀರು ಸುರಿದು ಮೊದಲು ಬಟ್ಟಲನ್ನು ಕಾಯಿಸುತ್ತಾರೆ. ಆ ನೀರು ಚೆಲ್ಲಿ 30 ಮಿಲಿಲೀಟರ್‌ನಷ್ಟು ತಾರೆ ಹಾಕುತ್ತಾರೆ. ಆಕಾಶದ ತಾರೆಯಲ್ಲ, ಸೋಯಾ ಸಾಸ್‌ನಿಂದ ಮಾಡಿದ ಉಪ್ಪುಪ್ಪಾದ ಗಟ್ಟಿ ರಸ. ಮಾಂಸ ಬೇಯಿಸಿದ ಸೋಯಾ ರಸವನ್ನೇ ಬಹಳ ಕಡೆ ಇದಕ್ಕೆ ಬಳಸುತ್ತಾರೆ. ಜೊತೆಗೊಂದು ಚಮಚ ಕೊಬ್ಬು. ಅದರ ಮೇಲೆ 300 ಮಿಲಿಲೀಟರ್ ಆಸುಪಾಸಿನ ಬಿಸಿ ಸಾರು. ಸಾರಿಗೆ ಪ್ರತ್ಯೇಕ ಉಪ್ಪಿಲ್ಲ, ರುಚಿಯ ಹಿಡಿತವೆಲ್ಲ ತಾರೆಯಲ್ಲಿದೆ. ಅಳತೆಯ ಸೌಟು ತುಸು ಆಚೀಚೆಯಾದರೂ ಬಟ್ಟಲು ಕೆಟ್ಟಿತು.

ಕಿತಾಕತಾದ ಸಾರು ತಿಳಿ. ಹಂದಿ ಮೂಳೆಯನ್ನು ಒಮ್ಮೆ ಕುದಿಸಿ, ರಕ್ತದ ಕಲ್ಮಷ ಬಿಟ್ಟ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿಡುತ್ತಾರೆ. ನೀರು ಕೊತಕೊತ ಕುದಿಯಬಾರದು. ಕುದಿದರೆ ಕೊಬ್ಬು ಒಡೆದು, ಮೂಳೆಯಿಂದ ಬಂದ ಜೆಲಾಟಿನ್ ಅದನ್ನು ನೀರಿನಲ್ಲಿ ಹಿಡಿದಿಟ್ಟು, ಸಾರು ಹಾಲಿನಂತೆ ಬೆಳ್ಳಗಾಗುತ್ತದೆ. ದಕ್ಷಿಣದ ಹಕಾತಾದಲ್ಲಿ ಬೇಕೆಂದೇ ಹಾಗೆ ಮಾಡುತ್ತಾರೆ. ಇಲ್ಲಿ ಅದು ತಪ್ಪು. ಮೂಳೆಯ ಕಟ್ಟಿಗೆ ನಿಬೊಶಿ ಎಂಬ ಸಣ್ಣ ಒಣಮೀನಿನ ರಸ ಕೂಡುತ್ತದೆ. ಮೀನಿನ ತಲೆ, ಹೊಟ್ಟೆ ತೆಗೆಯದಿದ್ದರೆ, ಅಥವಾ ಹೆಚ್ಚು ಹೊತ್ತು ಕುದಿಸಿದರೆ ಕಹಿ ಇಳಿಯುತ್ತದೆ. ಇವುಗಳಿಂದ ಬರುವ ಆಳದ ರುಚಿಯನ್ನು ಉಮಾಮಿ ಎನ್ನುತ್ತಾರೆ. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಇಕೇದಾ ಕಿಕುನಾಎ ಕೊಂಬು ಎಂಬ ಕಡಲಸಸ್ಯದ ಸಾರಿನಿಂದ ಆ ರುಚಿ ಕೊಡುವ ಗ್ಲುಟಮೇಟ್ ಎಂಬ ಪದಾರ್ಥವನ್ನು ಬೇರ್ಪಡಿಸಿ ಇಟ್ಟ ಹೆಸರು ಅದು. ಸೋಯಾ ಸಾಸ್‌ನಲ್ಲಿ ಗ್ಲುಟಮೇಟ್ ಇದೆ, ಒಣಮೀನು ಮತ್ತು ಮಾಂಸದಲ್ಲಿ ಅದೇ ರುಚಿಯ ಇನೊಸಿನೇಟ್ ಎಂಬ ಇನ್ನೊಂದು ಪದಾರ್ಥ ಇದೆ. ಒಂದೊಂದೇ ಇದ್ದಾಗಿನ ರುಚಿಗಿಂತ ಇವು ಕೂಡಿದಾಗಿನದು ಎಷ್ಟೋ ಪಾಲು ಜಾಸ್ತಿ.

ಈ ಊರಿನ ಎಳೆಯ ಲಕ್ಷಣವೇ ಬೇರೆ. ಸುಮಾರು 4 ಮಿಲಿಮೀಟರ್ ಅಗಲ, ಚಪ್ಪಟೆ, ಕೈಯಲ್ಲಿ ಹಿಚುಕಿದ್ದರಿಂದ ಬಂದ ಗುಂಗುರು. ಹಿಟ್ಟು ಕಲಸುವಾಗ 100 ಗ್ರಾಂ ಮೈದಾಕ್ಕೆ 40 ಗ್ರಾಂ ಅಥವಾ ಅದಕ್ಕೂ ಹೆಚ್ಚು ನೀರು, ಜೊತೆಗೆ ಕಾನ್ಸುಯಿ ಎಂಬ ಕ್ಷಾರ. ಹಪ್ಪಳಕ್ಕೆ ಹಾಕುವ ಕ್ಷಾರದ ಹತ್ತಿರದ ನೆಂಟ ಇದು. ಎಳೆಗೆ ಹಳದಿ ಛಾಯೆ, ಜಗಿದರೆ ಪುಟಿಯುವ ಗುಣ ಬರುವುದು ಇದರಿಂದಲೇ, ಮೊಟ್ಟೆಯಿಂದಲ್ಲ. ಮಾಡಿದ ಎಳೆಯನ್ನು ಕೂಡಲೇ ಬೇಯಿಸದೆ, ನೀರು ಹಿಟ್ಟಿನೊಳಗೆಲ್ಲ ಇಳಿಯಲೆಂದು ಹದಕ್ಕೆ ಬಿಡುತ್ತಾರೆ. ಹಕಾತಾದ ಸೂಜಿಯಂಥ ಎಳೆ ಒಂದು ನಿಮಿಷದೊಳಗೆ ಬೇಯುತ್ತದೆ. ಇದಕ್ಕೆ ಮೂರು ನಾಲ್ಕು ನಿಮಿಷ ಬೇಕು. ನೀರು ಕಡಿಮೆಯಿರುವ ಎಳೆ ಬಟ್ಟಲಿಗೆ ಬಿದ್ದೊಡನೆ ಸಾರು ಹೀರಿ ಮೆತ್ತಗಾಗುತ್ತದೆ. ಅದಕ್ಕೇ ಹಕಾತಾದಲ್ಲಿ ಮೊದಲು ಸ್ವಲ್ಪ ಬಡಿಸಿ, ಆಮೇಲೆ ಕಾಏದಾಮಾ ಎಂದು ಇನ್ನೊಂದು ಹಿಡಿ ಎಳೆ ಕೊಡುವ ಪದ್ಧತಿ. ಕಿತಾಕತಾದ ಎಳೆ ಮೊದಲೇ ನೀರುಂಡಿರುತ್ತದೆ, ತುಸು ತಡೆದುಕೊಳ್ಳುತ್ತದೆ. ಆದರೂ ಹತ್ತು ನಿಮಿಷ ಮೀರಬಾರದು.

ಬೆಂದ ಎಳೆಯನ್ನು ಜಾಲರಿಯಲ್ಲಿ ಎತ್ತಿ ಎರಡು ಮೂರು ಸಲ ಜೋರಾಗಿ ಕೊಡವುತ್ತಾರಲ್ಲ, ಅದು ತೋರಿಕೆಗಲ್ಲ. ಎಳೆಗೆ ಅಂಟಿದ ನೀರು ಹೋಗದಿದ್ದರೆ ಅಳೆದು ಹಾಕಿದ ಸಾರು ನೀರಾಗುತ್ತದೆ. ಕೊನೆಗೆ ಮೇಲೋಗರ: ಮಾಂಸದ ಹೋಳು, ಈರುಳ್ಳಿ ಸೊಪ್ಪು, ಗುಲಾಬಿ ಸುರುಳಿಯ ಮೀನಿನ ಬಿಲ್ಲೆ, ಮತ್ತು ಮೆನ್ಮಾ. ಮೆನ್ಮಾ ಅಂದರೆ ಹುಳಿ ಬರಿಸಿ ಒಣಗಿಸಿದ ಕಳಲೆ. ಮಲೆನಾಡಿನವರಿಗೆ, ಕೊಡಗಿನವರಿಗೆ ಅದರ ವಾಸನೆ ಬೇರೆಯವರು ಹೇಳಿಕೊಡಬೇಕಿಲ್ಲ.

ಬಟ್ಟಲು ಬಂದಾಗ ಫೋಟೊ ಒಂದೇ ಸಾಕು. ಮೊದಲು ಸಾರು ಒಂದು ಚಮಚ, ಆಮೇಲೆ ಐದಾರು ಎಳೆ ಎತ್ತಿ ಸದ್ದು ಮಾಡಿಯೇ ಎಳೆದುಕೊಳ್ಳಿ. ಗಾಳಿಯೂ ಜೊತೆಗೆ ಒಳಹೋಗಿ ಎಳೆ ಆರುತ್ತದೆ, ಘಮ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಎಲೆಯ ಮೇಲಿನ ಪಾಯಸವನ್ನು ಸೊರ್ರೆಂದು ಎಳೆಯುವವರಿಗೆ ಇದರಲ್ಲೇನು ಕಷ್ಟ! ಸಾರನ್ನು ಮಾತ್ರ ಪೂರ್ತಿ ಕುಡಿಯಬೇಕಿಲ್ಲ. ಒಂದು ಬಟ್ಟಲಿನಲ್ಲಿ 5-6 ಗ್ರಾಂ ಉಪ್ಪಿರಬಹುದು, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 5 ಗ್ರಾಂಗಿಂತ ಕಡಿಮೆ. ಬಿಟ್ಟರೆ ಯಾರೂ ಬೇಸರಿಸುವುದಿಲ್ಲ.

ಬೆಳಗಿನ ರಾಮೆನ್ ಕಿತಾಕತಾದ್ದೊಂದೇ ಅಲ್ಲ. ಶಿಝುಓಕಾ ಪ್ರಾಂತ್ಯದ ಫುಜಿಎದಾದಲ್ಲಿ, ಚಹಾ ಮಂಡಿಯವರ ಮುಂಜಾವದಿಂದ ಬೆಳೆದದ್ದು ಇನ್ನೊಂದು. ಅಲ್ಲಿ ಬಿಸಿಯದೊಂದು ಬಟ್ಟಲು ಮುಗಿಸಿ, ಹಿಂದೆಯೇ ಸಿಹಿ ಸೋಯಾ ಸಾರಿನ ತಣ್ಣನೆಯದೊಂದನ್ನು ತಿನ್ನುತ್ತಾರೆ, ವಾಸಾಬಿ ಎಂಬ ಖಾರದ ಹಸಿರು ಮುದ್ದೆ ಸೇರಿಸಿ.

ಎಳೆ ಬೇಡವೆನ್ನುವವರಿಗೆ ಅಸಾ ತೇಶೊಕು, ಅಂದರೆ ಬೆಳಗಿನ ಊಟದ ತಟ್ಟೆ, ಇದೆ: ಎಡಕ್ಕೆ ಅನ್ನ, ಬಲಕ್ಕೆ ಮಿಸೊ ಸಾರು, ಹಿಂದೆ ಉಪ್ಪು ಹಚ್ಚಿ ಸುಟ್ಟ ಸಾಲ್ಮನ್, ಮೊಟ್ಟೆ, ಉಪ್ಪಿನಕಾಯಿ, ನಾತ್ತೊ ಎಂಬ ಹುದುಗಿಸಿದ ಸೋಯಾಕಾಳು. ಮಿಸೊ ಬೆರೆಸಿದ ಮೇಲೆ ಕುದಿಸಿದರೆ ಘಮ ಹಾರಿಹೋಗುತ್ತದೆ, ಹಾಗಾಗಿ ಒಲೆ ಆರಿಸುವ ಹೊತ್ತಿಗೆ ಅದನ್ನು ಕದಡುತ್ತಾರೆ. ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಒಡೆಯುವುದು ಅಲ್ಲಿ ರೂಢಿ. ಹಸಿಯಾಗಿ ತಿನ್ನಲು ಕೊನೆಯ ದಿನಾಂಕ ಲೆಕ್ಕಹಾಕಿ ಮಾರುವ ಮೊಟ್ಟೆ ಅದು. ಊರಿಗೆ ಬಂದು ನಮ್ಮ ಕಿರಾಣಿ ಅಂಗಡಿಯ ಮೊಟ್ಟೆಯಲ್ಲಿ ಮಾಡಲು ಹೋಗಬೇಡಿ. ತಿನ್ನುವ ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಎಡೆ ಇಡುವ ರೀತಿ ಅದು.

ಸಸ್ಯಾಹಾರಿಗಳಿಗೆ ನೇರ ಮಾತು: ಈ ಅಂಗಡಿಗಳು ನಿಮಗಲ್ಲ. 'ನಿಕು ನುಕಿ', ಮಾಂಸ ಬೇಡ, ಅಂದರೆ ಮೇಲಿನ ಹೋಳು ಹಾಕುವುದಿಲ್ಲ, ಅಷ್ಟೇ, ಸಾರು ಮೂಳೆಯದೇ. ಮಿಸೊ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನ ರಸವಿರುತ್ತದೆ. ನಾತ್ತೊ ಬರೀ ಸೋಯಾಕಾಳು, ಆದರೆ ಜೊತೆಗೆ ಬರುವ ಪುಟ್ಟ ಪೊಟ್ಟಣದ ರಸದಲ್ಲಿ ಮೀನಿನ ಸಾರ ಇರುವುದೇ ಹೆಚ್ಚು. ಅದನ್ನು ಬಿಟ್ಟು ಬರೀ ಸೋಯಾ ಸಾಸ್ ಕೇಳಿ. ಅನ್ನ, ನಾತ್ತೊ, ಹೊರಗಿನ ಅಂಗಡಿಯಲ್ಲಿ ಉಪ್ಪಷ್ಟೇ ಹಾಕಿದ ಶಿಯೊ ಮುಸುಬಿ ಎಂಬ ಅನ್ನದ ಉಂಡೆ, ಇಷ್ಟರಲ್ಲಿ ಬೆಳಗು ಕಳೆಯುತ್ತದೆ.

ತಿಂದಾದ ಮೇಲೆ ಬಟ್ಟಲನ್ನು ಕಟ್ಟೆಯ ಮೇಲಿನ ಹಂತಕ್ಕೆ ಎತ್ತಿಡಿ, ಒರೆಸುವ ಬಟ್ಟೆಯಿದ್ದರೆ ನಿಮ್ಮ ಜಾಗ ಒರೆಸಿ, 'ಗೊಚಿಸೋಸಾಮಾ', ಅಂದರೆ ಊಟಕ್ಕೆ ಧನ್ಯವಾದ, ಎಂದು ಏಳಿ. ಟಿಪ್ಸ್ ಇಡಬೇಡಿ, ಮರೆತು ಹೋದಿರೆಂದು ಹಿಂದೆಯೇ ಓಡಿ ಬಂದು ಕೊಡುತ್ತಾರೆ. ಇನ್ನೊಂದು, ಬಾಗಿಲ ಮೇಲೆ ಬರೆದ ವೇಳೆಯನ್ನು ಪೂರಾ ನಂಬಬೇಡಿ. ಅಂದಿನ ಸಾರು ತೀರಿತೆಂದರೆ ಅಂಗಡಿಯೂ ತೀರಿತು. ಬಾಗಿಲಿಗೆ ತೂಗುಹಾಕಿದ ನೊರೆನ್ ಎಂಬ ಗಿಡ್ಡ ಪರದೆ ಹೊರಗಿದ್ದರೆ ತೆರೆದಿದೆ. ಅದನ್ನು ಒಳಗೆ ತೆಗೆದುಕೊಂಡಿದ್ದರೆ, ಒಳಗೆ ಜನ ಕೂತು ತಿನ್ನುತ್ತಿರುವುದು ಕಂಡರೂ, ಮುಂದಿನ ಅಂಗಡಿಗೆ ನಡೆಯಿರಿ.

ನಮಸ್ಕಾರ.