ಗೋಡೆ ಒಣಗಲಿ, ಆಮೇಲೆ ಬಣ್ಣ

ಕೇಳುಗ ಬಂಧುಗಳೇ, ನಮಸ್ಕಾರ.

ಮಳೆ ಹಿಂದೆ ಸರಿದಿದೆ, ದೀಪಾವಳಿ ಹತ್ತಿರ ಬಂದಿದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಈಗ ಒಂದೇ ಮಾತು: ‘ಹಬ್ಬದೊಳಗೆ ಆ ಗೋಡೆಗೊಂದು ಕೋಟು ಬಣ್ಣ ಹೊಡೆಸಿಬಿಡೋಣ.’ ಯಾವ ಗೋಡೆ ಅಂತ ಮನೆಯವರಿಗೆಲ್ಲ ಗೊತ್ತು. ಕಿಟಕಿಯ ಕೆಳಗೋ, ಬಚ್ಚಲಿಗೆ ಬೆನ್ನು ಕೊಟ್ಟ ಕೋಣೆಯಲ್ಲೋ ಚಹಾ ಚೆಲ್ಲಿದಂತೆ ಕಂದು ಅಂಚಿನ ಕಲೆ. ನಾನು ಬಣ್ಣದ ಕೆಲಸದವನು. ಈ ಅವಸರದಲ್ಲಿ ಜನ ಪ್ರತಿ ವರ್ಷ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ಸಂಕಟವಾಗುತ್ತದೆ. ಅದಕ್ಕೇ ಇವತ್ತು ಈ ಮಾತು.

ತೀರ್ಥಹಳ್ಳಿ ಕಡೆಯ ಒಂದು ಮನೆ. ಅಜ್ಜಿಯೊಬ್ಬರು ಮಲಗುವ ಕೋಣೆ. ಚೌತಿಗೆ ಮೊದಲು ಕಲೆಯ ಮೇಲೆ ಎರಡು ಕೋಟು ಎಮಲ್ಷನ್ ಹೊಡೆಸಿದ್ದರು. ಮೂರೇ ವಾರಕ್ಕೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಕಲೆ ಮತ್ತೆ ಮೂಡಿತ್ತು. ಉಗುರಿನಿಂದ ಕೆರೆದೆ. ಬಣ್ಣ ಹಾಲಿನ ಕೆನೆಯ ಹಾಗೆ ಸುಲಿದು ಬಂತು, ಅದರ ಬೆನ್ನೆಲ್ಲ ತೇವ. ಅಡಿಯ ಪುಟ್ಟಿ, ಅಂದರೆ ಗೋಡೆ ನುಣುಪಾಗಲು ಬಣ್ಣಕ್ಕೆ ಮೊದಲು ಮೆತ್ತುವ ಲೇಪ, ಹಿಟ್ಟಿನಂತೆ ಉದುರಿತು, ಅದರ ಮೇಲೆ ಬಿಳಿ ಉಪ್ಪಿನ ಹೂವು. ಹೊರಗೆ ಹೋಗಿ ನೋಡಿದರೆ ಸಜ್ಜಾ ಗೋಡೆಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು, ಅದರುದ್ದಕ್ಕೂ ಪಾಚಿ. ನೀರು ಬರುವ ದಾರಿ ಅದು. ಕಲೆ ಇದ್ದದ್ದು ಒಳಗೆ, ರೋಗ ಇದ್ದದ್ದು ಹೊರಗೆ.

ಎಷ್ಟು ಬಳಿದರೂ ಕಲೆ ಯಾಕೆ ಮೇಲೆ ಬರುತ್ತದೆ? ಗೋಡೆಯೊಳಗೆ ಹರಿದ ನೀರು ಗಾರೆಯ, ಇಟ್ಟಿಗೆಯ ಉಪ್ಪನ್ನೂ ಕೊಳೆಯನ್ನೂ ಕರಗಿಸಿಕೊಂಡು ಬರುತ್ತದೆ. ನೀರು ಆರಿಹೋಗುತ್ತದೆ, ಅವು ಉಳಿಯುತ್ತವೆ. ಎಮಲ್ಷನ್ ನೀರಿನ ಬಣ್ಣ. ಹಚ್ಚಿದ ಕೂಡಲೇ ಒಣಗಿದ ಕಲೆ ಅದರಲ್ಲಿ ಮತ್ತೆ ಕರಗಿ, ಬಣ್ಣ ಆರುತ್ತ ಬಂದಂತೆ ಮೇಲಕ್ಕೆ ಏರಿ ಕೂರುತ್ತದೆ. ಮೂರನೇ ಕೋಟು, ನಾಲ್ಕನೇ ಕೋಟು ಹೊಡೆದರೂ ಇದೇ ಕಥೆ. ಕಲೆ ಕರಗದಂಥ ಪದರ ಒಂದು ನಡುವೆ ಬೇಕು. ಅದೇ ಆಯಿಲ್ ಪ್ರೈಮರ್, ಬಣ್ಣಕ್ಕೆ ಮೊದಲು ಹಚ್ಚುವ ಎಣ್ಣೆಯ ಅಡಿಕೋಟು. ಮರಕ್ಕೆ ಪಾಲಿಷ್ ಮಾಡುವವರು ಬಳಸುವ ಅರಗಿನ ಶೆಲ್ಯಾಕ್‌ನಿಂದ ಮಾಡಿದ ಪ್ರೈಮರ್ ಕೂಡ ಆಗುತ್ತದೆ.

ಆದರೆ ಡಬ್ಬಿ ಬಿಚ್ಚುವ ಮೊದಲು ಗೋಡೆ ಒಣಗಿದೆಯೋ ಇಲ್ಲವೋ ನೋಡಿ. ಮೊಣಕೈಯುದ್ದದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈ ಬೆವತರೆ ನೀರು ಇನ್ನೂ ಗೋಡೆಯೊಳಗಿದೆ. ಹೊರಮೈ ಬೆವತರೆ ಅದು ಕೋಣೆಯ ಗಾಳಿಯ ತೇವ: ಅಡುಗೆಯ ಹಬೆ, ಒಳಗೆ ಒಣಹಾಕಿದ ಬಟ್ಟೆ. ಅದಕ್ಕೆ ಕಿಟಕಿ ತೆರೆಯುವುದೇ ಮದ್ದು.

ನೀರಿನ ದಾರಿ ಮುಚ್ಚಿದ ಮೇಲೂ ಗೋಡೆಗೆ ಸಮಯ ಕೊಡಬೇಕು. ದಪ್ಪದ ಒಂದಿಂಚಿಗೆ ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ. ಆ ಸೀಮೆಯ ಜಂಬಿಟ್ಟಿಗೆ ಗೋಡೆ, ಕರಾವಳಿಯವರು ಮುರಕಲ್ಲು ಎನ್ನುವುದೂ ಅದನ್ನೇ, ಮೈತುಂಬ ತೂತು, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಆದ್ದರಿಂದ ದೀಪಾವಳಿಗೆ ಬೇಡ. ಬಿರುಕನ್ನು ಈಗಲೇ ಮುಚ್ಚಿಸಿ, ಬಣ್ಣವನ್ನು ಯುಗಾದಿಗೆ ಇಟ್ಟುಕೊಳ್ಳಿ.

ಆ ಹೊತ್ತಿಗೆ ಕೆಲಸ ಸುಲಭ. ಹಕ್ಕಳೆ ಎದ್ದದ್ದನ್ನೆಲ್ಲ ಗಟ್ಟಿ ಗಾರೆ ಸಿಗುವ ತನಕ ಕೆರೆಯಿರಿ. ಉಪ್ಪಿನ ಹೂವನ್ನು ಒಣ ಬ್ರಷ್‌ನಿಂದಲೇ ಉಜ್ಜಿ. ನೀರು ಹಾಕಿದರೆ ಅದು ಕರಗಿ ವಾಪಸು ಗೋಡೆಗೇ ಇಳಿಯುತ್ತದೆ. ಕಪ್ಪು ಬೂಷ್ಟು ಇದ್ದರೆ ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಿ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಆಸಿಡ್ ಜೊತೆ ಮಾತ್ರ ಅದನ್ನು ಖಂಡಿತ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ಪುಟ್ಟಿ ಹಾಕಿ, ಉಪ್ಪುಕಾಗದದಿಂದ ತಿಕ್ಕಿ, ಕಲೆಯ ಅಂಚಿನಿಂದ ಒಂದು ಗೇಣು ಆಚೆಯವರೆಗೂ ಪ್ರೈಮರ್ ಹೊಡೆಯಿರಿ. ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆ ಕಂದು ನೆರಳು ಕಂಡರೆ ಇನ್ನೊಂದು ಕೋಟು. ಅದು ಪೂರ್ತಿ ಆರಿದ ಮೇಲೆ ಎಮಲ್ಷನ್.

ಹೊಸದಾಗಿ ಸಿಮೆಂಟ್ ಗಾರೆ ಮಾಡಿಸಿದ ಜಾಗಕ್ಕೆ ಕಡಿಮೆಯೆಂದರೆ 28 ದಿನ ಕಾಯಿರಿ. ಹಸಿ ಸಿಮೆಂಟಿನ ಕ್ಷಾರ ಪ್ರೈಮರಿನ ಎಣ್ಣೆಯನ್ನು ಸೋಪು ಮಾಡಿಬಿಡುತ್ತದೆ.

ನೆಲದಿಂದ ಮೇಲೇರುವ ತೇವಕ್ಕೆ ಮಾತ್ರ ಈ ಉಪಾಯ ಬೇಡ. ಅಲ್ಲಿ ಆಯಿಲ್ ಪ್ರೈಮರ್ ಹಚ್ಚಿದರೆ ನೀರು ಹೊರಬರಲಾಗದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಅಂಥ ಗೋಡೆಗೆ ನಮ್ಮ ಹಿರಿಯರ ಸುಣ್ಣವೇ ಸರಿ, ಅದು ತೇವವನ್ನು ಆರಲು ಬಿಡುತ್ತದೆ. ಹೊರಗೆ ಗೋಡೆಯ ಬುಡಕ್ಕೆ ಒತ್ತಿದ ಮಣ್ಣನ್ನು ತೆಗೆಸಿ, ನೀರು ದೂರ ಹರಿಯುವಂತೆ ಮಾಡಿ.

ಆ ಅಜ್ಜಿಯ ಕೋಣೆಗೆ ನಾವು ಬಣ್ಣ ಹಚ್ಚಿದ್ದು ಫಾಲ್ಗುಣದಲ್ಲಿ. ಎರಡು ಮಳೆಗಾಲ ಕಳೆದಿವೆ, ಕಲೆ ಬಂದಿಲ್ಲ. ಕೆಲಸದ ದಿನ ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿದ್ದೆವು. ತಿರುಗಿ ಒತ್ತರಿಸಲು ಹೋದರೆ ಅಜ್ಜಿ ತಡೆದರು: ‘ಇರಲಿ ಬಿಡು ಮಗಾ, ಅಲ್ಲಿ ಗಾಳಿ ಆಡಲಿ.’ ಮಂಚ ಇವತ್ತಿಗೂ ಅಲ್ಲೇ ಇದೆ.

ನಮಸ್ಕಾರ.